ಹೊತ್ತು ಮೀರಿ ಬಂದ ಆರು ಲೋಡು

ನೂರು ಮೀಟರ್ ತಳ ಒಡೆದು ಮತ್ತೆ ಹಾಕಿಸಲು ನನಗೆ ತಗುಲಿದ್ದು ಒಂದು ಟಿಪ್ಪರ್ ಲಾರಿ ಮತ್ತು ಹದಿನೆಂಟು ವರ್ಷ ಜೊತೆಗಿದ್ದ ಮೇಸ್ತ್ರಿ. ಲಾರಿಯನ್ನು ಮಾರಿದೆ. ಮೇಸ್ತ್ರಿ ತಾವಾಗಿಯೇ ಹೋದರು. ಚೌಕಾಶಿಯಲ್ಲಿ ಗೆದ್ದೆನೆಂದು ಬೀಗುತ್ತಾ ಕೆ.ಆರ್. ಪುರದ ಆಚೆ, ದೂರದ ಮಿಕ್ಸಿಂಗ್ ಪ್ಲಾಂಟಿನಿಂದ ಮಾಲು ತರಿಸಿದವನು ನಾನೇ.

ನಮ್ಮ ಕೆಲಸ ವಿಮಾನ ನಿಲ್ದಾಣದಲ್ಲಿ. ವಿಮಾನ ಓಡಾಡುವ ದಾರಿಯಲ್ಲಿ ಕಣ್ಣಿಗೆ ಕಾಣುವುದು ಮೇಲಿನ ಡಾಂಬರು. ಭಾರ ಹೊರುವುದು ಅದರಡಿಯ ತಳ: ಜಲ್ಲಿಗೆ ಸ್ವಲ್ಪ ಸಿಮೆಂಟು, ಅಳೆದ ನೀರು ಬೆರೆಸಿ, ಹಾಸಿ, ರೋಲರ್ ಓಡಿಸಿದ ಪದರ. ಬೆರೆಸಿದ ಎರಡು ಗಂಟೆಯೊಳಗೆ ರೋಲರ್ ಮುಗಿಯಬೇಕೆಂದು ನಮ್ಮ ಕರಾರಿನಲ್ಲೇ ಇತ್ತು. ಅಷ್ಟರಲ್ಲಿ ಸಿಮೆಂಟು ಹಿಡಿಯತೊಡಗುತ್ತದೆ. ಆಮೇಲೆ ಓಡಿಸಿದರೆ ಆ ಹಿಡಿತವೇ ಮುರಿಯುತ್ತದೆ.

ಅಂದು ಕೆ.ಆರ್. ಪುರದ ತೂಗುಸೇತುವೆ ಬಳಿ ಟ್ರಾಫಿಕ್‌ನಲ್ಲಿ ಸಿಕ್ಕಿ ಆರು ಲೋಡು ಎರಡು ಗಂಟೆ ಮೀರಿ ಬಂದವು. ಮೇಸ್ತ್ರಿ ಒಂದು ಹಿಡಿ ಎತ್ತಿ ಒತ್ತಿದರು. ಉಂಡೆ ಕಟ್ಟಲಿಲ್ಲ.

“ವಾಪಸ್ ಕಳ್ಸೋ, ಓನರ್ರೇ.”

ಮರ್ಫಿ ಟೌನಿನಲ್ಲಿ ಇಬ್ಬರೂ ಒಟ್ಟಿಗೆ ಗಾರೆ ಹೊತ್ತವರು. ನಾನು ಲಾರಿ ಕೊಂಡ ದಿನದಿಂದ ಅಣಕಕ್ಕೆ ಹಾಗೆ ಕರೆಯುತ್ತಿದ್ದರು.

“ನೀರು ಹೊಡ್ಸಿ ರೋಲರ್ ಬಿಡಣ್ಣ. ಡಾಂಬರ್ ಬಂದ್ಮೇಲೆ ಯಾರಿಗ್ ಕಾಣುತ್ತೆ?”

“ಟೀ ತಣ್ಣಗಾದ್ರೆ ಬಿಸಿ ಮಾಡ್ಬೋದು ಕಣೋ. ಇದಕ್ಕಾಗಲ್ಲ.”

“ಹೇಳಿದ್ದು ಮಾಡಣ್ಣ.”

ಮಾಡಿದರು.

ವಾರ ಕಳೆದು ನಿಲ್ದಾಣದ ಇಂಜಿನಿಯರ್ ಆ ತಳದಿಂದ ಒಂದು ತುಂಡು ಕೊರೆಸಿ ತೆಗೆದರು. ಅದು ಅವರ ಕೈಯಲ್ಲೇ ಪುಡಿಯಾಯಿತು. ನಮ್ಮಿಬ್ಬರನ್ನೂ ಸೈಟ್ ಆಫೀಸಿಗೆ ಕರೆಸಿದರು.

“ಹೊತ್ತು ಮೀರಿದ ಮಾಲಿಗೆ ಯಾರ್ರೀ ನೀರು ಹೊಡ್ಸಿದ್ದು? ಅವ್ರು ಗೇಟ್ ಪಾಸ್ ಇಲ್ಲಿಡ್ಲಿ.”

ಪಾಸ್ ಹೋದರೆ ಮೇಸ್ತ್ರಿಗೆ ಇನ್ನೆಂದೂ ವಿಮಾನ ನಿಲ್ದಾಣದ ಕೆಲಸವಿಲ್ಲ. ಮೇಸ್ತ್ರಿ ನನ್ನನ್ನೇ ನೋಡಿದರು. ಆಮೇಲೆ ಕೊರಳಿನಿಂದ ಪಾಸ್ ತೆಗೆದು ಮೇಜಿನ ಮೇಲಿಟ್ಟು ಹೊರಟರು. ಅವರು ಗೇಟು ದಾಟಿದ ಮೇಲೆ ನನಗೆ ಮಾತು ಬಂತು.

“ಹೊಡ್ಸಿದ್ದು ನಾನು ಸಾರ್.”

“ಈಗ ಹೇಳ್ತಿದೀರಾ?” ಎಂದು ಇಂಜಿನಿಯರ್ ಪಾಸನ್ನು ನನ್ನ ಕಡೆ ತಳ್ಳಿದರು. ಒಡೆದು ಮತ್ತೆ ಹಾಕುವ ಖರ್ಚು ನನ್ನದೆಂದು ಬರೆಸಿಕೊಂಡರು.

ಸಂಜೆ ಪಾಸ್ ಹಿಡಿದು ಮೇಸ್ತ್ರಿಯ ಮನೆಗೆ ಹೋದೆ. ಬಾಗಿಲಲ್ಲೇ ಈಸಿಕೊಂಡರು.

“ಥ್ಯಾಂಕ್ಸ್ ಸಾರ್. ಕೆಲ್ಸಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ.”

ಹದಿನೆಂಟು ವರ್ಷದಲ್ಲಿ ಅವರು ನನ್ನನ್ನು ಸಾರ್ ಎಂದದ್ದು ಅದೇ ಮೊದಲು.

ನೀವು ಈ ಕೆಲಸ ಹಿಡಿದರೆ, ದರ ಕೇಳುವ ಮೊದಲು ಪ್ಲಾಂಟಿನಿಂದ ಸೈಟಿನವರೆಗೆ ಬೆಳಗಿನ ಟ್ರಾಫಿಕ್‌ನಲ್ಲಿ ಒಮ್ಮೆ ಲಾರಿಯಲ್ಲೇ ಕೂತು ಬನ್ನಿ. ಬೆರೆಸಿದ ಹೊತ್ತನ್ನು ಪ್ರತಿ ಲೋಡಿನ ಚೀಟಿಯಲ್ಲೂ ಬರೆಸಿ. ಹೊತ್ತು ಮೀರಿದ ಲೋಡನ್ನು ವಾಪಸ್ ಕಳಿಸುವ ಅಧಿಕಾರವನ್ನು ಮೇಸ್ತ್ರಿಗೆ ಕಾಗದದಲ್ಲೇ ಬರೆದುಕೊಡಿ. ನೀವೇ ಎದುರು ನಿಂತು ವಾಪಸ್ ಬೇಡವೆಂದರೂ ಅವರ ಮಾತು ನಡೆಯಬೇಕು, ಹಾಗೆ ಬರೆಯಿರಿ.