ನೋಟಿಸಿನಲ್ಲಿ ಕಟ್ಟಿಕೊಟ್ಟ ಒಣಶೆಟ್ಲಿ

ಅಕ್ಕನ ಹೆಸರಿಗೆ ಬಂದ ರಿಜಿಸ್ಟರ್ ಕಾಗದವನ್ನು ನಾನು ಅವಳಿಗೆ ಕೊಡಲಿಲ್ಲ. ನಮ್ಮ ಮೀನಂಗಡಿಯಲ್ಲಿ ಸಹಿ ಹಾಕಿ ತೆಗೆದುಕೊಂಡವನು ನಾನೇ. ಒಡೆದು ನೋಡಿದರೆ ಬರೀ ಇಂಗ್ಲಿಷ್. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು; ಆಮೇಲೆ ಇಂಗ್ಲಿಷ್ ಕಲಿತೆ ಎಂದು ಅಕ್ಕನ ಮುಂದೆ ಕೊಚ್ಚಿಕೊಂಡಿದ್ದೆ, ಅಷ್ಟೇ. ಕಾಗದ ದಪ್ಪಗೆ ಚೆನ್ನಾಗಿತ್ತು. ಕುಮಟೆಯ ಮಾಸ್ತರೊಬ್ಬರಿಗೆ ಅದರಲ್ಲೇ ಒಣಶೆಟ್ಲಿ, ಅಂದರೆ ಒಣಗಿಸಿದ ಸಿಗಡಿ, ಕಟ್ಟಿಕೊಟ್ಟೆ. ಸಂಜೆ ಅಕ್ಕ "ರಿಜಿಸ್ಟರ್ ಬಂದಿತ್ತಂತಲ್ಲ, ಎಂತದು?" ಎಂದು ಕೇಳಿದಾಗ, "ಓದಿದೆ, ಎಂತದೋ ಜಾಹೀರಾತು" ಅಂದೆ.

ನಮ್ಮೂರು ತೆಂಗಿನಗುಂಡಿಯಲ್ಲಿ ನಾವು ಒಣಗಿಸುವ ಮೀನನ್ನು ಅಕ್ಕ ಇಂಟರ್‌ನೆಟ್ಟಿನಲ್ಲೂ ಮಾರುತ್ತಾಳೆ. ವೆಬ್‌ಸೈಟಿನ ವಿಳಾಸಕ್ಕೆ ಅವಳು ಹಿಡಿದ ಹೆಸರು 'ಒಣಮೀನು', ಅಷ್ಟೇ. ಮುಂಬೈ, ಪುಣೆಯ ಗಿರಾಕಿಗಳೆಲ್ಲ ಅದನ್ನೇ ಹುಡುಕಿ ನಮ್ಮಲ್ಲಿಗೆ ಬಂದವರು.

ಹನ್ನೊಂದನೆಯ ದಿನ ಮಾಸ್ತರು ಆ ಕಾಗದ ಮಡಿಸಿಕೊಂಡು ಬಂದರು. "ಶೆಟ್ಲಿ ಚಟ್ನಿ ಆತು ಮಾರಾಯಾ, ಇದೊಂದು ಮಾತ್ರ ಅರಗಲಿಲ್ಲ" ಎಂದು ನನಗೆ ಹೇಳಿ, ಕಾಗದವನ್ನು ಅಕ್ಕನಿಗೆ ಓದಿ ಹೇಳಿದರು. ದೊಡ್ಡ ಊರಿನ ಕಂಪನಿಯೊಂದು ಕಳಿಸಿದ ನೋಟಿಸು ಅದು: 'ಒಣಮೀನು' ನಾವು ನೋಂದಾಯಿಸಿಕೊಂಡ ಟ್ರೇಡ್‌ಮಾರ್ಕು, ಹದಿನೈದು ದಿನದಲ್ಲಿ ಆ ವಿಳಾಸ ಬಿಟ್ಟುಕೊಡಿ, ಇಲ್ಲವಾದರೆ ಕೇಸು. ಉಳಿದದ್ದು ನಾಲ್ಕೇ ದಿನ.

ಅಕ್ಕ ನನ್ನ ಕಡೆ ತಿರುಗಿದಳು. "ಗಡಿಬಿಡಿಲಿ ಸಮ ಓದ್ಲಿಲ್ಲ" ಅಂದೆ. ಸುಳ್ಳಿನ ಮೇಲೆ ಇನ್ನೊಂದು.

ಹೊನ್ನಾವರದ ವಕೀಲರು ಧೈರ್ಯ ಹೇಳಿದರು: "ಎಲ್ಲಾರೂ ಆಡೋ ಮಾತನ್ನ ಒಬ್ರೇ ಕಟ್ಕೊಂಡು ಹೋಗ್ಲಿಕ್ಕೆ ಆಗೂದಿಲ್ಲ. ಆದ್ರೆ ಎಲ್ಲಾರೂ ಆಡ್ತಾರೆ ಅನ್ನೂದಕ್ಕೆ ಪುರಾವೆ ಬೇಕು."

ಕುಮಟೆ, ಹೊನ್ನಾವರ ಸೇರಿ ಮೂರು ಊರಿನ ಪೇಟೆ ಸುತ್ತಿದೆವು. ತಗಡಿನ ಮೇಲೆ, ಗೋಡೆಯ ಮೇಲೆ, ರಟ್ಟಿನ ಚೂರಿನ ಮೇಲೆ ಎಲ್ಲೆಲ್ಲಿ 'ಒಣಮೀನು' ಎಂದು ಬರೆದಿತ್ತೋ ಅಲ್ಲೆಲ್ಲ ಅಕ್ಕ ಮೊಬೈಲ್ ಹಿಡಿದಳು. ಕುಮಟೆಯಲ್ಲಿ ಮಾರುವ ಹೆಂಗಸರು ತಲೆ ಸರಿಮಾಡಿಕೊಂಡು ಕೂತರು. ಹೊನ್ನಾವರದಲ್ಲಿ ಒಬ್ಬ ಅಜ್ಜಿ ಕೇಳಿದಳು:

"ಫೋಟೋ ಎಂತಕ್ಕೆ ಹೆಣ್ಣೇ?"

"ಒಣಮೀನು ಅನ್ನೂ ಹೆಸ್ರು ತನ್ನದೇ ಅಂತ ಒಂದು ಕಂಪನಿ ಹೇಳ್ತದೆ, ಅಜ್ಜಿ."

"ಹೌದಾ? ಹಂಗಾರೆ ಅವ್ನೇ ಬಂದು ನೊಣ ಓಡಿಸ್ಲಿ!"

ಇಡೀ ಸಾಲು ನಕ್ಕಿತು. ಅಕ್ಕ ಬುಟ್ಟಿಗೆ ಕೈಯೂರಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಕೊನೆಯ ದಿನ ಫೋಟೋಗಳ ಸಮೇತ ಉತ್ತರ ಹೋಯಿತು. ಒಂದು ತಿಂಗಳಿಗೆ ಮರು ಕಾಗದ ಬಂತು. ಈ ಸಲ ಕೈಗೆ ಬಂದ ಕೂಡಲೇ, ಒಡೆಯದೆ, ಬಿಸಿಲಿಗೆ ಹಾಕಿದ ಮೀನು ಮಗುಚುತ್ತಿದ್ದ ಅಕ್ಕನ ಹತ್ತಿರ ಓಡಿದೆ. ಅವಳು ಒಡೆದು ಓದಿದಳು; ಕಂಪನಿ ಹಿಂದೆ ಸರಿದಿತ್ತು. ಅವಳು ಕುಣಿಯುವುದೊಂದು ಬಾಕಿ. "ನೀನೂ ಓದು ತಮ್ಮಾ" ಎಂದು ಕಾಗದವನ್ನು ನನ್ನ ಕೈಗೇ ಕೊಟ್ಟಳು.

ಅಕ್ಷರಗಳನ್ನು ನೋಡುತ್ತ ನಿಂತೆ. ಆಮೇಲೆ ಬಾಯಿಬಿಟ್ಟೆ.

"ಅಕ್ಕಾ, ನಂಗೆ ಇಂಗ್ಲಿಷ್ ಓದ್ಲಿಕ್ಕೆ ಬರೂದಿಲ್ಲ. ಅವತ್ತೂ ಓದಿರ್ಲಿಲ್ಲ. ಹೇಳ್ಲಿಕ್ಕೆ ನಾಚಿಕೆ ಆತು, ಸುಳ್ಳು ಹೇಳ್ದೆ. ತಪ್ಪಾತು ಅಕ್ಕಾ."