ಹೀವವ್ವನ ಕಂಬಳಿ

ಮರಾಠಿ ಗಡಿಯ ಉಟಗಿಯಲ್ಲಿ ಅಕ್ಕವ್ವ ಎಂಬ ಹೆಸರಿನವರು ನಾಲ್ಕೈದು ಮಂದಿ ಇದ್ದಾರೆ. ಒಬ್ಬಾಕೆ ಗಿರಣಿ ಅಕ್ಕವ್ವ, ಇನ್ನೊಬ್ಬಾಕೆ ಜಗಳಗಂಟಿ ಅಕ್ಕವ್ವ. ಇದು ಯೇಸುವಿನ ಅಕ್ಕವ್ವನ ಮಾತು. ಊರು ಆ ಹೆಸರನ್ನು ಪ್ರೀತಿಯಿಂದ ಇಟ್ಟದ್ದಲ್ಲ. ಆಕೆ ಮಾತ್ರ ಯಾರು ಹಾಗೆ ಕರೆದರೂ ‘ಓ’ ಎನ್ನುತ್ತಿದ್ದಳು.

ಹುಟ್ಟಿದ್ದು ಶೇಗಾಂವದ ಕುರುಬರ ಮನೆಯಲ್ಲಿ, ಕೊಟ್ಟದ್ದು ಉಟಗಿಯ ವಿಠೋಬನಿಗೆ. ಮದುವೆಯಾದ ಮೇಲೆ ಮೂವತ್ತು ವರ್ಷ ಗಂಡನ ಜೊತೆ ಕುರಿಗಳ ಹಿಂದೆ ನಡೆದಳು. ದೀಪಾವಳಿ ದಾಟಿದ ಮೇಲೆ ಕೃಷ್ಣಾ ದಂಡೆಯ ಕಬ್ಬಿನ ಸೀಮೆ, ಮಳೆ ಬಿದ್ದ ಮೇಲೆ ಮತ್ತೆ ಊರು. ಹೊತ್ತು ಮುಳುಗಿದಲ್ಲೇ ಮನೆ, ಮೂರು ಕಲ್ಲು ಇಟ್ಟಲ್ಲೇ ಒಲೆ. ವಿಠೋಬ ಒಳ್ಳೆಯ ಮನುಷ್ಯ, ಕುಡಿತ ಒಂದು ಬಿಟ್ಟರೆ. ಆ ಒಂದೇ ಅವನನ್ನು ತಿಂದಿತು. ಮಿರಜದ ಆಸ್ಪತ್ರೆಯಲ್ಲಿ ಮೂವತ್ತೊಂದು ದಿನ ಮಲಗಿದ. ಅಲ್ಲಿ ನೆಲ ಒರೆಸುವ ಹೆಂಗಸೊಬ್ಬಳು ತನ್ನ ಬುತ್ತಿಯ ರೊಟ್ಟಿಯಲ್ಲಿ ಅರ್ಧ ಮುರಿದು ಅಕ್ಕವ್ವನಿಗೆ ಕೊಡುತ್ತಿದ್ದಳು, ವಿಠೋಬನ ಮಂಚದ ಕಾಲ ಬಳಿ ಕಣ್ಣು ಮುಚ್ಚಿ ನಿಂತು, ಯೇಸುವಿನ ಹೆಸರು ಹಿಡಿದು ಅಳುತ್ತ ಬೇಡಿಕೊಳ್ಳುತ್ತಿದ್ದಳು.

ವಿಠೋಬ ಉಳಿಯಲಿಲ್ಲ. ಬೇರೆಯವರಾಗಿದ್ದರೆ, ಉಳಿಸದ ದೇವರು ಎಂಥ ದೇವರು ಎಂದು ಮುಖ ತಿರುಗಿಸುತ್ತಿದ್ದರು. ಅಕ್ಕವ್ವನ ತಲೆ ಹೋದದ್ದೇ ಬೇರೆ ದಾರಿಗೆ. ಸಂಬಂಧವಿಲ್ಲದ, ಹೆಸರೂ ಸರಿಯಾಗಿ ಗೊತ್ತಿಲ್ಲದ ಹೆಂಗಸು ತನ್ನ ಗಂಡನಿಗಾಗಿ ಅತ್ತಿದ್ದಳಲ್ಲ, ಹಾಗೆ ಅಳಲು ಕಲಿಸುವ ದೇವರು ಯಾರು ಎಂದು ನೋಡಬೇಕೆನಿಸಿತು. ನೋಡಲು ಹೋದವಳು ಅಲ್ಲೇ ಉಳಿದಳು.

ಮೈದುನ ಸೋಮಲಿಂಗ ಮೊದಲು ನಕ್ಕ, ಆಮೇಲೆ ಸಿಟ್ಟಾದ, ಕಡೆಗೆ ಸುಮ್ಮನಾದ. ಮನೆತನದ ಹಿರಿಯರು ಕೂತು ಒಂದು ಮಾತು ಹೇಳಿದರು: ಬೀರದೇವರಿಗೆ ನಡೆದುಕೊಳ್ಳದವಳನ್ನು ಮನೆತನದ ಯಾವ ಕಾರ್ಯಕ್ಕೂ ಕರೆಯುವುದು ಬೇಡ. ಹೊಡೆಯಲಿಲ್ಲ, ಬಡಿಯಲಿಲ್ಲ, ನೀರು ನಿಲ್ಲಿಸಲಿಲ್ಲ. ಕರೆಯಲಿಲ್ಲ, ಅಷ್ಟೇ. ಅದೇ ಮನೆತನಕ್ಕೆ ಕೊಟ್ಟಿದ್ದ ತಂಗಿಯ ಮಗನ ಮದುವೆಯ ಹಲಗೆ ಸಪ್ಪಳವನ್ನು ಆಕೆ ತನ್ನ ಕಟ್ಟೆಯ ಮೇಲೆ ಕೂತು ಕೇಳಿದಳು. ಆ ಮದುಮಗ ಕೂಸಾಗಿದ್ದಾಗ ಎರಡು ವರ್ಷ ತಾನೇ ಅವನನ್ನು ಹೆಗಲ ಮೇಲೆ ಹೊತ್ತು ಕುರಿಯ ಹಿಂದೆ ತಿರುಗಿದ್ದಳು. ಅದನ್ನು ಯಾರಿಗೆ ಹೇಳುವುದು?

ಊರಲ್ಲಿ ಯೇಸುವಿನ ಪ್ರಾರ್ಥನೆಗೆ ಸೇರುವವರು ಏಳು ಜನ. ಮನಿಷಾ ಎಂಬ ಹೊಲಿಗೆಯವಳ ಮನೆಯ ಪಡಸಾಲೆಯೇ ಅವರ ಗುಡಿ. ರವಿವಾರ ಜತ್ತದಿಂದ ಅಪ್ಪಾಸಾಹೇಬ ಪಾಸ್ಟರ್ ಮೋಟಾರ್‌ಸೈಕಲ್ ಮೇಲೆ ಬರುತ್ತಿದ್ದ. ನಲವತ್ತರ ಆಸುಪಾಸಿನ ಮೆತ್ತಗಿನ ಮನುಷ್ಯ. ಒಂದು ಇರುವೆಯನ್ನೂ ನೋಯಿಸದವನು. ಈ ಗುಣವೇ ಮುಂದೆ ಕೇಡು ಮಾಡಿತು. ಅವನು ತಿಂಗಳಿಗೊಮ್ಮೆ ಒಂದು ಮರಾಠಿ ಹಾಳೆ ತರುತ್ತಿದ್ದ. ಯಾವ ಯಾವುದೋ ದೇಶಗಳಲ್ಲಿ ಯೇಸುವನ್ನು ನಂಬಿದ್ದಕ್ಕೆ ಜೈಲು ಸೇರಿದವರ, ಮನೆ ಸುಟ್ಟುಹೋದವರ ಹೆಸರು ಅದರಲ್ಲಿ. ಒಬ್ಬೊಬ್ಬರು ಒಂದೊಂದು ಹೆಸರು ಹಿಡಿಯಬೇಕು, ಆ ಮನುಷ್ಯ ಬಿಡುಗಡೆಯಾಗುವ ತನಕ ದಿನಾಲೂ ಬೇಡಿಕೊಳ್ಳಬೇಕು. ತಮ್ಮ ಮೊಮ್ಮಕ್ಕಳ ಹೆಸರೇ ಮರೆಯುವ ಮುದುಕಿಯರು ಅಲ್ಲಿ ನೈಜೀರಿಯಾ, ಕೊರಿಯಾ ಎಂದು ಬಾಯಿಪಾಠ ಮಾಡುವುದನ್ನು ನೋಡಬೇಕಿತ್ತು. ಊರವರು ಕಟ್ಟೆಯ ಮೇಲೆ ಕೂತು, ‘ಊರ ಉಸಾಬರಿ ಮಾಡಿ ಮುಲ್ಲಾ ಸೊರಗಿದ’ ಎಂದು ಆಡಿಕೊಳ್ಳುತ್ತಿದ್ದರು.

ಅಕ್ಕವ್ವನ ಪಾಲಿಗೆ ಬಂದ ಹೆಸರು ಹೀವತ್. ಆಫ್ರಿಕಾದ ಒಂದು ಸಣ್ಣ ದೇಶದವಳು. ದೇಶದ ಹೆಸರು ಅಕ್ಕವ್ವನ ನಾಲಗೆಗೆ ಹೊರಳಲಿಲ್ಲ. ಹೆಸರನ್ನು ಆಕೆ ಹೀವವ್ವ ಎಂದು ಮಾಡಿಕೊಂಡಳು. ಮನೆಯಲ್ಲಿ ಪ್ರಾರ್ಥನೆ ಮಾಡುತ್ತಿದ್ದಾಗ ಹಿಡಿದೊಯ್ದು, ಲಾರಿಗಳ ಮೇಲೆ ಸಾಮಾನು ತುಂಬಿ ಬರುವಂಥ ಕಬ್ಬಿಣದ ದೊಡ್ಡ ಡಬ್ಬಿಯಲ್ಲಿ ಕೂಡಿಹಾಕಿದ್ದರು. ಹಗಲು ಕಾದ ಹಂಚು, ಇರುಳು ಕೊರೆಯುವ ಥಂಡಿ. ಮೊಣಕಾಲು ಬಾತುಕೊಂಡಿವೆ ಎಂದು ಹಾಳೆಯಲ್ಲಿತ್ತು. ಮನಿಷಾ ಓದಿ ಹೇಳಿದಾಗ ಅಕ್ಕವ್ವ, ಕಬ್ಬಿಣಕ್ಕೆ ಕಿವಿ ಹಚ್ಚಿದವಳ ಹಾಗೆ, ಬಹಳ ಹೊತ್ತು ಕೂತಳು. ಆಕೆಯ ಒಂದೇ ಮಗಳು ಹನ್ನೊಂದು ತಿಂಗಳ ಕೂಸಾಗಿದ್ದಾಗ ಕೃಷ್ಣಾ ದಂಡೆಯ ಹೊಲದಲ್ಲಿ ಥಂಡಿ ಹಿಡಿದು ಹೋಗಿತ್ತು. ಆಮೇಲೆ ಮಕ್ಕಳಾಗಲಿಲ್ಲ. ಥಂಡಿ ಎಂದರೆ ಏನು ಎಂದು ಆಕೆಗೆ ಯಾರೂ ಹಾಳೆ ಓದಿ ತಿಳಿಸಬೇಕಾಗಿರಲಿಲ್ಲ.

ಹೀವವ್ವನಿಗೆ ಒಂದು ಕಂಬಳಿ ಕಳಿಸಬೇಕು ಎಂದು ಆಕೆ ನಿಶ್ಚಯಿಸಿದಳು. ಪೇಟೆಯ ರಗ್ಗಲ್ಲ, ಕರಿ ಉಣ್ಣೆಯ ಕಂಬಳಿ. ಮಳೆಯಲ್ಲಿ ನೆನೆದರೂ ಮೈ ಬೆಚ್ಚಗಿಡುವಂಥದ್ದು. ಆದರೆ ಉಣ್ಣೆ ಎಲ್ಲಿದೆ? ಈಗ ಜತ್ತ ಸೀಮೆಯ ಹಟ್ಟಿಗಳಲ್ಲೆಲ್ಲ ಮಾಡಗ್ಯಾಳ ಕುರಿ. ಎತ್ತರದ ಕಾಲು, ಗಿಳಿಮೂಗು, ಕೆಂಪು-ಬಿಳಿ ಮೈ, ಮದುಮಗನ ಠೀವಿ. ಮೈಮೇಲೆ ಹಿಡಿ ಉಣ್ಣೆ ಇಲ್ಲ. ಹಳೆಯ ಕರಿ ಕುರಿ ಉಳಿದದ್ದು ಸೋಮಲಿಂಗನ ಹತ್ತಿರ ಮಾತ್ರ. ವರ್ಷಕ್ಕೊಮ್ಮೆ ಬೀರದೇವರ ಗದ್ದಿಗೆಗೆ ಹೊಸ ಕಂಬಳಿ ಹಾಸಬೇಕು, ಅದಕ್ಕೆಂದೇ ಎಂಟು ಕುರಿ ಬೇರೆ ಸಾಕಿದ್ದ. ಅದು ದೇವರ ಉಣ್ಣೆ. ಮನೆತನದವರೇ ಅದರಲ್ಲಿ ಒಂದು ಎಳೆ ಮುಟ್ಟುತ್ತಿರಲಿಲ್ಲ.

ಆರು ವರ್ಷ ತುಳಿಯದ ಮೈದುನನ ಹಟ್ಟಿಗೆ ಅಕ್ಕವ್ವ ಒಂದು ಮುಂಜಾನೆ ಹೋದಳು. ಸೋಮಲಿಂಗ ಎದ್ದು ನಿಂತ. ಕುಂದ್ರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಆಕೆ ನಿಂತೇ ಎಲ್ಲ ಹೇಳಿದಳು. ಕೇಳಿ ಅವನು ಗಡ್ಡ ಕೆರೆದುಕೊಂಡ.

“ನಿಮ್ಮ ದೇವ್ರ ಹೆಸರಿನ್ಯಾಗ ಜೈಲಿಗ್ಹೋದಾಕಿಗೆ ನಮ್ಮ ದೇವ್ರ ಉಣ್ಣಿ ಕೊಡಬೇಕಾ, ವೈನಿ?”

“ಥಂಡ್ಯಾಗ ಅದಾಳಪ್ಪಾ ಆಕಿ,” ಎಂದಳು ಅಕ್ಕವ್ವ. ಬೇರೆ ನ್ಯಾಯ ಆಕೆಗೆ ಗೊತ್ತಿರಲಿಲ್ಲ.

ಸೋಮಲಿಂಗ ಕುರಿ ಬಿಟ್ಟುಕೊಂಡು ಹೋದ. ದಸರೆಯ ಮುಂದೆ ಉಣ್ಣೆ ಕತ್ತರಿಸಿದ ಮರುದಿನ ತಾನೇ ಒಂದು ಗೋಣಿಚೀಲ ಹೊತ್ತು ತಂದು ಆಕೆಯ ಕಟ್ಟೆಯ ಮೇಲೆ ಇಳಿಸಿದ. “ಯಾರ ಮುಂದೂ ಹೇಳಬ್ಯಾಡ. ಈ ವರ್ಷ ದೇವ್ರಿಗೆ ಗಿಡ್ಡ ಕಂಬಳಿ,” ಎಂದು, ಆಕೆಯ ಮುಖ ನೋಡದೆ ಹೊರಟುಹೋದ. ನಾನು ಈ ಸೋಮಲಿಂಗನನ್ನು ಬೈಯಬೇಕೆಂದು ಎಷ್ಟು ಸಲ ಬಾಯಿ ತೆರೆದರೂ ಈ ಗೋಣಿಚೀಲ ಅಡ್ಡ ಬರುತ್ತದೆ.

ಅಕ್ಕವ್ವ ಉಣ್ಣೆ ಹಿಂಜಿ, ಸಂಕ್ರಾಂತಿಯ ತನಕ ನೂತಳು. ಕಣ್ಣು ಮಂಜಾಗಿದ್ದರೂ ಬೆರಳಿಗೆ ಎಳೆ ಗೊತ್ತಿತ್ತು. ನೂಲು ಹೊತ್ತುಕೊಂಡು ಜೀಪಿನಲ್ಲಿ ಸೋನ್ಯಾಳಕ್ಕೆ ಹೋಗಿ, ಕಂಬಳಿ ನೇಯುವ ಧೂಳಪ್ಪನಿಗೆ ಕೊಟ್ಟಳು. ಹೆಣ್ಣುಮಗಳು ಎಷ್ಟು ಎತ್ತರ ಎಂದು ಅವನು ಕೇಳಿದ. ಹಾಳೆಯಲ್ಲಿದ್ದದ್ದು ಮುಖದ ಚಿತ್ರ ಮಾತ್ರ, ಅದೂ ಮಸುಕು. ಅಕ್ಕವ್ವ ಸ್ವಲ್ಪ ಯೋಚಿಸಿ, ಮಗ್ಗದ ಪಕ್ಕ ನೆಲದ ಮೇಲೆ ಉದ್ದಕ್ಕೆ ಮಲಗಿ, ನನ್ನನ್ನೇ ಅಳೆ ಎಂದಳು. ಕಾಲ ಕಡೆ ಒಂದು ಗೇಣು ಹೆಚ್ಚಿಗೆ ಬಿಡು, ಹರೆಯದಾಕೆ ಇದ್ದಾಳೆ ಎಂದಳು. ಶಿವರಾತ್ರಿಗೆ ಕಂಬಳಿ ಸಿದ್ಧವಾಯಿತು. ಆ ವರ್ಷದ ಥಂಡಿ ಮುಗಿದಿತ್ತು. ಬರುವ ಥಂಡಿಯೊಳಗಾದರೂ ಮುಟ್ಟಿದರೆ ಸಾಕು ಎಂದು ಅದನ್ನು ಅಪ್ಪಾಸಾಹೇಬನ ಕೈಗೆ ಕೊಟ್ಟಳು.

ಅಪ್ಪಾಸಾಹೇಬನಿಗೆ ಚೆನ್ನಾಗಿ ಗೊತ್ತಿತ್ತು, ಆ ಜೈಲಿಗೆ ಕಂಬಳಿಯಲ್ಲ, ಒಂದು ಕಾಗದವೂ ಹೋಗುವುದಿಲ್ಲ. ಹೆತ್ತ ತಾಯಿಗೂ ಮುಖ ತೋರಿಸದ ಜಾಗ ಅದು. ಹಾಗೆಂದು ಹೇಳಿದ್ದರೆ ಅಕ್ಕವ್ವ ಒಂದು ದಿನ ಅತ್ತು ಸುಮ್ಮನಾಗುತ್ತಿದ್ದಳು. ಆದರೆ ಮೂರು ತಿಂಗಳು ನೂತು ಗಂಟುಬಿದ್ದ ಬೆರಳುಗಳನ್ನು ನೋಡಿ ಅವನು, “ಕಳಸ್ತೀನಿ, ಆಯಿ,” ಎಂದುಬಿಟ್ಟ. ಮನೆಗೆ ಹೋಗಿ ಬೇವಿನೆಲೆ ಹಾಕಿ ಟ್ರಂಕಿನಲ್ಲಿಟ್ಟ. ಮಳೆಗಾಲದಲ್ಲಿ ಅಕ್ಕವ್ವ ಕೇಳಿದಾಗ ಹೋಗಿದೆ ಎಂದ. ದೀಪಾವಳಿಗೆ ಕೇಳಿದಾಗ ಮುಟ್ಟಿರಬೇಕು ಎಂದ. ಒಂದು ಸುಳ್ಳಿಗೆ ಒಂಬತ್ತು ಸುಳ್ಳು ಎಂಬ ಮಾತು ಪಾಸ್ಟರುಗಳನ್ನೂ ಬಿಟ್ಟದ್ದಲ್ಲ.

ಆಮೇಲೆ ಅಕ್ಕವ್ವನ ಮುಖವೇ ಬೇರೆಯಾಯಿತು. ಹೀವವ್ವನಿಗೆ ಹೊದಿಕೆ ಸಿಕ್ಕಿತು ಎಂದು ಎಲ್ಲರ ಮುಂದೆ ದೇವರಿಗೆ ಶರಣು ಹೇಳಿದಳು. ಎರಡು ಥಂಡಿಗಾಲ ಆ ನೆಮ್ಮದಿಯಲ್ಲೇ ಕಳೆದವು. ಅಕ್ಕವ್ವನ ಹೆಸರನ್ನೂ ಆ ಹಾಳೆಯಲ್ಲಿ ಬರೆಸಬೇಕು, ಮನೆತನದವರು ಇಷ್ಟು ವರ್ಷ ದೂರ ಇಟ್ಟಿದ್ದಾರೆ ಎಂದು ಮನಿಷಾ ಒಮ್ಮೆ ಅಂದಾಗ ಅಕ್ಕವ್ವ ನಕ್ಕುಬಿಟ್ಟಳು. ತನಗೆ ಮನೆಯಿದೆ, ರೊಟ್ಟಿಯಿದೆ, ಅದನ್ನು ಬರೆದು ಹಾಳೆ ಯಾಕೆ ಕೆಡಿಸುವುದು ಎಂದಳು.

ಈ ವರ್ಷ ಹೋಳಿಯ ಆಚೆಗಿನ ರವಿವಾರ ಅಪ್ಪಾಸಾಹೇಬ ಹಾಳೆ ತಂದವನು ಕೂಡಲೇ ಓದಲಿಲ್ಲ. ನೀರು ಕುಡಿದ. ಮತ್ತೆ ನೀರು ಕೇಳಿದ. ಕಡೆಗೆ ಹೇಳಿದ: ಹೀವತ್ ತೀರಿಕೊಂಡಿದ್ದಾಳೆ, ಹೋದ ಥಂಡಿಗಾಲದಲ್ಲಿ, ಎದೆಯಲ್ಲಿ ಕಫ ಕಟ್ಟಿ, ಆ ಡಬ್ಬಿಯೊಳಗೇ. ಜೊತೆಗಿದ್ದು ಬಿಡುಗಡೆಯಾದ ಹೆಂಗಸರು ಹೊರಗೆ ಬಂದು ತಿಳಿಸಿದ್ದಾರೆ.

ಅಕ್ಕವ್ವ ಅಳಲಿಲ್ಲ. ಕೇಳಬೇಕಾದ ಒಂದೇ ಮಾತು ಕೇಳಿದಳು.

“ಸಾಯೂವಾಗ ಕಂಬಳಿ ಮ್ಯಾಲಿತ್ತೇನ್ರಿ ಸಾಹೇಬ್ರ?”

ಅಲ್ಲಿ ಇನ್ನೊಂದು ಸುಳ್ಳು ಹೇಳಬಹುದಿತ್ತು. ಅಪ್ಪಾಸಾಹೇಬನಿಗೆ ಆಗಲಿಲ್ಲ. ನೆಲಕ್ಕೆ ಕೂತು ಎಲ್ಲ ಹೇಳಿದ. ಹೇಳುವಾಗ ಸಣ್ಣ ಕೂಸಿನ ಹಾಗೆ ಅತ್ತ. ಅಕ್ಕವ್ವ ಅವನ ತಲೆ ಮೇಲೆ ಕೈ ಇಟ್ಟಳು, ಬೈಯಲಿಲ್ಲ. ಆಮೇಲೆ ಮನಿಷಾಳ ಕಡೆ ತಿರುಗಿ, ತೀರ ಸಣ್ಣ ದನಿಯಲ್ಲಿ ಅಂದಳು: “ಕಂಬಳಿ ಮುಟ್ಟೇದಂತ ತಿಳಕೊಂಡು, ಥಂಡಿ ಮಾತು ಬಿಟ್ಟಬಿಟ್ಟಿದ್ದೆ ನಾ. ಎರಡು ಥಂಡಿಗಾಲ ಬರೇ ಮೊಣಕಾಲು ನೆಟ್ಟಗ ಮಾಡಪ್ಪಾ ಅಂತ ಬೇಡಕೊಂಡೆ. ಥಂಡಿ ಸಲವಾಗಿ ಒಂದ ದಿನಾನೂ ಬೇಡಲಿಲ್ಲ.”

ದೇವರಿಗೆ ಎಲ್ಲ ಗೊತ್ತಿರುತ್ತದೆ, ನಾವು ಬೇಡಿದರಷ್ಟೇ ಎಂದೇನಿಲ್ಲ ಎಂದು ಅಪ್ಪಾಸಾಹೇಬ ಸಮಾಧಾನ ಹೇಳಿದ. ಅಕ್ಕವ್ವ ಹೌದೆಂದು ಗೋಣು ಹಾಕಿದಳು. ಆ ಮಾತು ಆಕೆಯ ಒಳಗೆ ಇಳಿಯಲಿಲ್ಲ ಎಂದು ನೋಡಿದವರಿಗೆಲ್ಲ ಗೊತ್ತಾಯಿತು.

ಮರುದಿನ ಅಪ್ಪಾಸಾಹೇಬ ಕಂಬಳಿ ತಂದುಕೊಟ್ಟ. ಮಡಿಕೆಯೂ ಬಿಚ್ಚಿರಲಿಲ್ಲ. ಆಕೆ ಅದನ್ನು ಹೆಗಲ ಮೇಲೆ ಹಾಕಿಕೊಂಡು ನೇರ ಸೋಮಲಿಂಗನ ಹಟ್ಟಿಗೆ ನಡೆದಳು. ದೇವರ ಉಣ್ಣೆ, ಮುಟ್ಟಬೇಕಾದವಳಿಗೆ ಮುಟ್ಟಲಿಲ್ಲ, ನಿನ್ನದು ನಿನಗೇ ತಕ್ಕೋ ಎಂದು ಮುಂದೆ ಹಿಡಿದಳು. ಹೀವವ್ವ ಹೇಗೆ ಹೋದಳೆಂದೂ ಹೇಳಿದಳು.

ಕುರುಬರಲ್ಲಿ ಒಂದು ರೂಢಿಯುಂಟು. ಕುರಿಯ ಹಿಂದೆ ಹೋದವನು ದೂರದ ಸೀಮೆಯಲ್ಲಿ ಸತ್ತು, ಅಲ್ಲೇ ಮಣ್ಣಾದರೆ, ಮನೆಯವರಿಗೆ ಅಳಲು ಹೆಣ ಇರುವುದಿಲ್ಲ. ಆಗ ಅವನ ಕಂಬಳಿಯನ್ನು ಅಂಗಳದಲ್ಲಿ ಹಾಸಿ, ಹೆಂಗಸರು ಸುತ್ತ ಕೂತು, ಹೆಸರು ಹಿಡಿದು ಹಾಡಿಕೊಂಡು ಅಳುತ್ತಾರೆ. ಸೋಮಲಿಂಗ ಕಂಬಳಿ ತೆಗೆದುಕೊಂಡ. ಆಮೇಲೆ ಅಂಗಳದ ನಡುವೆ ಅದನ್ನು ಬಿಡಿಸಿ ಹಾಸಿ, ಒಳಗಿನ ಹೆಂಗಸರನ್ನೆಲ್ಲ ಕೂಗಿದ. ಹಿರಿಯರು ಏನಂದಾರು ಎಂದು ಯಾರೋ ಅನ್ನುತ್ತಿದ್ದಂತೆ ಅವನು ಅಕ್ಕವ್ವನ ಕಡೆ ತಿರುಗಿದ. “ಕುಂದ್ರ ವೈನಿ,” ಎಂದ.

ಎಂಟು ವರ್ಷ ಆಕೆಯ ಜೊತೆ ಮಾತಾಡದ ನೆಗೆಣ್ಣಿ, ಎಂದರೆ ಸೋಮಲಿಂಗನ ಹೆಂಡತಿ, ಅವನ ಸೊಸೆಯಂದಿರು, ಎಲ್ಲ ಬಂದು ಸುತ್ತ ಕೂತರು. ಸೆರಗು ಬಾಯಿಗೆ ಹಚ್ಚಿದರು. ಆದರೆ ಹಾಡಿ ಅಳಲು ಸತ್ತವರ ಸಂಗತಿ ಗೊತ್ತಿರಬೇಕಲ್ಲ: ಯಾರ ಮಗಳು, ಎಂಥ ಕೈಗುಣ, ಯಾವ ಮನೆಯ ಬೆಳಕು. ಅವರಿಗೆ ಏನೂ ಗೊತ್ತಿರಲಿಲ್ಲ. ಏನು ಹಿಡಿದು ಅಳಬೇಕು ಎಂದು ಅಕ್ಕವ್ವನ ಮುಖ ನೋಡಿದರು. ಅಕ್ಕವ್ವನಿಗೂ ಗೊತ್ತಿದ್ದದ್ದು ಒಂದೇ ಸಂಗತಿ. ಆಕೆ ಬಾಗಿ, ಖಾಲಿ ಕಂಬಳಿಯ ಅಂಚನ್ನು ಕಾಲ ಕಡೆಯಿಂದ ಎಳೆದು ಸರಿಮಾಡುತ್ತ, ಎರಡು ವರ್ಷ ಬಾಯಿಗೆ ಬಾರದೆ ಉಳಿದಿದ್ದ ಆ ಪ್ರಾರ್ಥನೆಯನ್ನು ಎಲ್ಲರ ನಡುವೆ ಗಟ್ಟಿಯಾಗಿ ಹೇಳಿದಳು.

“ಥಂಡ್ಯಾಗ ಅದಾಳಪ್ಪಾ ದೇವ್ರ. ಆಕಿಗೆ ಏನರೇ ಹೊದಸು.”