ಗುರುತು ಹೇಳಿ, ತಗೊಂಡು ಹೋಗಿ

ಸಂತಾಪ ಸಭೆಯಲ್ಲಿ ಬಸ್ ಡಿಪೊದ ವ್ಯವಸ್ಥಾಪಕರು ಆಕೆಯನ್ನು 'ಶಾಂತಮೂರ್ತಿ' ಎಂದು ಕರೆದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಮೆಕ್ಯಾನಿಕ್ ಕೆಮ್ಮಿದ, ಆಮೇಲೆ ಕರವಸ್ತ್ರ ತೆಗೆದು ಬಾಯಿಗೆ ಒತ್ತಿಕೊಂಡ. ಅಳುತ್ತಿದ್ದಾನೆ ಎಂದುಕೊಂಡು ಪಕ್ಕದವರು ಬೆನ್ನು ಸವರಿದರು. ಅಳುವೂ ಇತ್ತು, ಸುಳ್ಳಲ್ಲ. ಆದರೆ ಮೊದಲು ಬಂದದ್ದು ನಗು. ಬದುಕಿದ್ದಷ್ಟು ದಿನ ಯಾರ ಮಾತಿಗೂ ಸುಮ್ಮನೆ ತಲೆಯಾಡಿಸದವಳನ್ನು, ಸತ್ತಳೆಂಬ ಒಂದೇ ಕಾರಣಕ್ಕೆ ಸಾಧುಪ್ರಾಣಿ ಮಾಡಿಬಿಡುವುದು ನ್ಯಾಯವಲ್ಲ. ಅವಳು ಶಾಂತಮೂರ್ತಿಯಾಗಿರಲಿಲ್ಲ. ಅವಳು ಕೊಕ್ಕೆಯಕ್ಕ.

ಟಯರ್ ಗೋದಾಮಿಗೂ ಶೌಚಾಲಯಕ್ಕೂ ನಡುವೆ ಇರುಕಿಕೊಂಡಿದ್ದ ಉದ್ದನೆಯ ಕೋಣೆ ಅವಳದು. ಪ್ರಯಾಣಿಕರು ಬಸ್ಸಿನಲ್ಲಿ ಮರೆತುಬಿಟ್ಟದ್ದೆಲ್ಲ ಅಲ್ಲಿಗೆ ಬಂದು ಸೇರುತ್ತಿತ್ತು. ಗೋಡೆಯ ತುಂಬಾ ಕಬ್ಬಿಣದ ಕೊಕ್ಕೆಗಳು, ಕೊಕ್ಕೆಗೊಂದು ಕೊಡೆ. ಹೆಸರು ಹುಟ್ಟಿದ್ದು ಅಲ್ಲಿ. ಅವಳ ಜೊತೆ ಒಮ್ಮೆ ವಾದಕ್ಕೆ ನಿಂತವರು ಇನ್ನೊಂದು ಕಾರಣವನ್ನೂ ಹೇಳುತ್ತಿದ್ದರು: ಎಂಥ ಸಲೀಸಾದ ಮಾತಿಗೂ ಒಂದು ಕೊಕ್ಕೆ ಹಾಕದೆ ಅವಳು ಬಿಟ್ಟದ್ದಿಲ್ಲ.

ಕಿಟಕಿಯ ಮೇಲೆ ಅವಳೇ ಬಣ್ಣದಲ್ಲಿ ಬರೆದಿದ್ದಳು: 'ಗುರುತು ಹೇಳಿ, ತಗೊಂಡು ಹೋಗಿ.' ವಸ್ತುವನ್ನು ಮೊದಲು ತೋರಿಸುವಂತಿಲ್ಲ. ಬಂದವರು ಅದರ ಗುರುತು ಹೇಳಬೇಕು. ಕೊಡೆ ಕಪ್ಪು ಎಂದರೆ ಸಾಲದು, ಯಾವ ಕಡ್ಡಿ ಬಾಗಿದೆ ಎಂಬುದು ಬೇಕು.

"ನಂದೇ ಕಣ್ರೀ ಆ ಬ್ಯಾಗು, ಅಲ್ಲೇ ಕಾಣ್ತಿದೆಯಲ್ಲ" ಎಂದು ಯಾರಾದರೂ ಬೆರಳು ತೋರಿಸಿದರೆ, ಅವಳು ತನ್ನ ಅಗಲವಾದ ದೇಹವನ್ನು ಅಡ್ಡ ತಂದು ನಿಲ್ಲಿಸಿ, "ಈಗ ಕಾಣ್ತಿದೆಯಾ? ಈಗ ಹೇಳಿ" ಎನ್ನುತ್ತಿದ್ದಳು.

ಕೋಣೆಗೆ ಆ್ಯಪ್ ಬಂದದ್ದು ಅವಳ ನಾದಿನಿಯಿಂದ. ಗಂಡ ತೀರಿಕೊಂಡ ಮೇಲೂ ಅತ್ತಿಗೆ ನಾದಿನಿಯರು ಒಂದೇ ಮನೆಯಲ್ಲಿ ಉಳಿದಿದ್ದರು. ಒಬ್ಬರನ್ನೊಬ್ಬರು ಹಂಗಿಸದೆ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ. ನಾದಿನಿ ಮನೆಯಲ್ಲೇ ಕೂತು ಸಣ್ಣ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದಳು. ಅತ್ತಿಗೆಯ ಗೊಣಗಾಟ ಕೇಳಿ ಕೇಳಿ, ಒಂದು ಆ್ಯಪ್ ಮಾಡಿಕೊಟ್ಟಳು. ಕಂಡಕ್ಟರ್ ತನ್ನ ಬಸ್ಸಿನಲ್ಲಿ ಸಿಕ್ಕ ವಸ್ತುವಿನ ಫೋಟೊ ತೆಗೆದು ಕಳಿಸಿದರೆ, ಅದು ನೇರವಾಗಿ ಎಲ್ಲರೂ ಬಳಸುವ ದೊಡ್ಡ ಸಾಮಾಜಿಕ ಜಾಲತಾಣವೊಂದರಲ್ಲಿದ್ದ ಡಿಪೊದ ಪುಟಕ್ಕೆ ಹೋಗಿ ಕೂರುತ್ತಿತ್ತು. ಪುಟಕ್ಕೆ ಆ್ಯಪನ್ನು ಜೋಡಿಸಲು ಹಿಂದಿನ ವ್ಯವಸ್ಥಾಪಕರು ಒಪ್ಪಿಗೆ ಕೊಟ್ಟು ನಿವೃತ್ತರಾಗಿದ್ದರು. ಈಗಿನವರಿಗೆ ಅದು ಗೊತ್ತೂ ಇರಲಿಲ್ಲ.

ಕೊಕ್ಕೆಯಕ್ಕ ಹಾಕಿದ ಷರತ್ತು ಒಂದೇ. ಫೋಟೊದಲ್ಲಿ ವಸ್ತುವಿನ ಒಂದು ಭಾಗ ಮುಚ್ಚಿರಬೇಕು. ಕಂಡಕ್ಟರುಗಳು ಅಂಗೈ ಅಡ್ಡ ಹಿಡಿದು ಫೋಟೊ ತೆಗೆಯುವುದನ್ನು ಕಲಿತರು. ನಾದಿನಿ ಡಿಪೊದವರ ಫೋನುಗಳನ್ನೆಲ್ಲ ಒಂದೊಂದಾಗಿ ತಾನೇ ಆ್ಯಪಿಗೆ ಸೇರಿಸಿದಳು. ಪುಟ ತುಂಬತೊಡಗಿತು. ಊಟದ ಡಬ್ಬಿ, ಕನ್ನಡಕ, ಒಂಟಿ ಚಪ್ಪಲಿ, ಒಂದು ಹಲ್ಲುಸೆಟ್ಟು. ಎಲ್ಲರೂ ಲೈಕ್ ಒತ್ತಿದರು. ಹಲ್ಲುಸೆಟ್ಟಿನ ಕೆಳಗೆ ಮೆಕ್ಯಾನಿಕ್, 'ಇವರು ಇಳಿಯುವಾಗ ಟಾಟಾ ಹೇಗೆ ಹೇಳಿದರೋ' ಎಂದು ಬರೆದ.

ಆಮೇಲೊಂದು ದಿನ ಕಾಲು ಬಂತು. ಬಟ್ಟೆಯ ಚೀಲದಲ್ಲಿ ಸುತ್ತಿಟ್ಟ, ಹೊಚ್ಚಹೊಸ ಕೃತಕ ಕಾಲು. ಮಗುವಿನದು. ಚೀಲದಲ್ಲಿ ಹೆಸರಿಲ್ಲ, ವಿಳಾಸವಿಲ್ಲ. ಮೆಕ್ಯಾನಿಕ್ ನಗೆಚಾಟಿಕೆಗೆ ಬಾಯಿ ತೆರೆದವನು ಅದರ ಅಳತೆ ಕಂಡು, ಕೈಯ ಗ್ರೀಸು ಒರೆಸಿಕೊಂಡು ಅದನ್ನು ಮತ್ತೆ ಚೀಲದಲ್ಲಿ ಸುತ್ತಿಟ್ಟ.

"ಕೊಡೆ ಎಷ್ಟು ವರ್ಷ ಬೇಕಾದ್ರೂ ಕಾಯುತ್ತೆ" ಎಂದಳು ಕೊಕ್ಕೆಯಕ್ಕ. "ಈ ಕಾಲೂ ಕಾಯುತ್ತೆ. ಮಗು ಕಾಯಲ್ಲ ಕಣೋ. ಬೆಳೆದುಬಿಡುತ್ತೆ."

ಕಾಲಿನ ಮೀನಖಂಡಕ್ಕೆ ಬಟ್ಟೆ ಸುತ್ತಿ ತಾನೇ ಫೋಟೊ ತೆಗೆದು ಹಾಕಿದಳು. ಡಿಪೊಗೆ ಡಿಪೊವೇ ಮರುಗಿತು. ಆದರೆ ಕಾಲನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಕಾಲಿಗೆ ಮಾತ್ರವಲ್ಲ, ಪುಟ ನೋಡಿ ಬಂದೆ ಎಂದು ಒಂದು ನರಪಿಳ್ಳೆಯೂ ಕಿಟಕಿಗೆ ಬಂದಿರಲಿಲ್ಲ.

ಕಿಟಕಿಗೆ ಜನ ಬರುವುದೇ ಅಪರೂಪ ಎಂಬುದನ್ನು ವ್ಯವಸ್ಥಾಪಕರೂ ಗಮನಿಸಿದ್ದರು. ಕೋಣೆಯನ್ನು ಖಾಲಿ ಮಾಡಿಸಿ ಜ್ಯೂಸ್ ಅಂಗಡಿಗೆ ಕೊಡುವ ಯೋಚನೆ ಅವರದು.

"ನೋಡಮ್ಮ, ಕಳೆದುಕೊಂಡವರಿಗೇ ಬೇಡವಾದದ್ದು ನಮಗ್ಯಾಕೆ? ಮುಂದಿನ ತಿಂಗಳ ಕೊನೆಗೆ ಎಲ್ಲಾ ಗುಜರಿಗೆ ಹಾಕಿಬಿಡೋಣ."

"ಬೇಡ ಅಂತ ಅವರು ಬಂದು ಹೇಳಿದ್ರಾ ಸಾರ್?"

"ಯಾರೂ ಬರಲ್ಲ ಅಂದ್ರೆ ಅದೇ ಅರ್ಥ."

"ನಿಮ್ಮ ಆಫೀಸಿಗೂ ಯಾರೂ ಬರಲ್ಲ ಸಾರ್."

ಇಂಥವಳನ್ನು ಶಾಂತಮೂರ್ತಿ ಎಂದದ್ದು.

ಆದರೆ ಒಳಗೊಳಗೆ ಅವಳಿಗೂ ಅಳುಕು ಹುಟ್ಟಿತ್ತು. ಜನಕ್ಕೆ ನಿಜವಾಗಿಯೂ ಬೇಡವೇನೋ. ಆ ಅಳುಕನ್ನು ಮುರಿದದ್ದು ಟೋಪಿ ಕಳೆದುಕೊಂಡ ಒಬ್ಬ ಮುದುಕ. ಅವನು ಗುರುತು ಸರಿಯಾಗಿ ಹೇಳಿ ಟೋಪಿ ಪಡೆದ ಮೇಲೆ ಅವಳು ಗದರಿದಳು.

"ಪುಟದಲ್ಲಿ ಹಾಕಿ ಎಷ್ಟು ದಿನ ಆಯ್ತು. ಈಗ ಬಂದ್ರಾ?"

"ಯಾವ ಪುಟ ತಾಯಿ? ನಾನು ದಿನಾ ನೋಡ್ತೀನಿ. ಅಲ್ಲಿರೋದು ಹಳೇ ಬಸ್ಸಿನ ವೇಳಾಪಟ್ಟಿ ಒಂದೇ."

ಮುದುಕ ತನ್ನ ಫೋನ್ ತೆರೆದು ಕಿಟಕಿಯ ಕಟ್ಟೆಯ ಮೇಲಿಟ್ಟ. ಅವಳು ತನ್ನದನ್ನು ಅದರ ಪಕ್ಕದಲ್ಲಿಟ್ಟಳು. ಅದೇ ಪುಟ, ಅದೇ ಹೆಸರು. ಅವಳದರಲ್ಲಿ ಕೊಡೆ, ಡಬ್ಬಿ, ಕಾಲು. ಅವನದರಲ್ಲಿ ಬಟಾಬಯಲು.

ಸಂಜೆ ನಾದಿನಿ ಬಹಳ ಹೊತ್ತು ಕಂಪ್ಯೂಟರ್ ಮುಂದೆ ಕೂತು, ಕೊನೆಗೆ ತಲೆ ಎತ್ತದೆ ಹೇಳಿದಳು. "ಅತ್ತಿಗೆ, ಬೈಬೇಡ. ಆ್ಯಪ್ ಇನ್ನೂ ಡೆವಲಪ್‌ಮೆಂಟ್ ಮೋಡ್‌ನಲ್ಲೇ ಇದೆ. ಅಂದ್ರೆ ಇನ್ನೂ ಕಟ್ಟುತ್ತಾ ಇರೋ ಆ್ಯಪು ಅಂತ ಲೆಕ್ಕ. ಇದರಿಂದ ಹಾಕಿದ್ದು ನಾನು ಸೇರಿಸಿದವರಿಗೆ ಮಾತ್ರ ಕಾಣುತ್ತೆ. ಜಾಲತಾಣದವರು ಪರಿಶೀಲನೆ ಮಾಡಿ ಒಪ್ಪಿದ ಮೇಲೇ ಹೊರಗಿನವರಿಗೆ."

"ಅಂದ್ರೆ ಇಷ್ಟು ದಿನ ನಾವೇ ಹಾಕಿ, ನಾವೇ ನೋಡಿ, ನಾವೇ ಮೆಚ್ಚಿಕೊಂಡ್ವಾ?"

"ಹೂಂ."

"ಆ ಮಗುವಿನ ಮನೆಯವರು ನೋಡೇ ಇಲ್ಲ."

"ಹೇಗೆ ನೋಡ್ತಾರೆ."

ಕೊಕ್ಕೆಯಕ್ಕ ಬೈಯಲಿಲ್ಲ. ನಾದಿನಿಗೆ ಅದರಿಂದಲೇ ಹೆಚ್ಚು ಭಯವಾಯಿತು. ಅತ್ತಿಗೆ ಎದ್ದುಹೋಗಿ ಮುಖ ತೊಳೆದುಕೊಂಡು ಬಂದು, "ಸರಿ, ಅವರಿಗೆ ಏನೇನು ಬೇಕಂತೆ? ಹೇಳು" ಎಂದು ಪಕ್ಕದಲ್ಲಿ ಕೂತಳು. ದಣಿದಿದ್ದಳು, ಕಣ್ಣಲ್ಲಿ ಮಾತ್ರ ಜಗಳದ ಹೊಳಪಿತ್ತು. ಜನಕ್ಕೆ ಬೇಡವಾಗಿರಲಿಲ್ಲ, ಗೊತ್ತಿರಲಿಲ್ಲ ಅಷ್ಟೆ ಎಂಬುದು ಅವಳಿಗೆ ಆನೆಬಲ ತಂದಿತ್ತು.

ಪುಟದ ಪಾಸ್‌ವರ್ಡ್ ಕೊಟ್ಟರೆ ಸದ್ಯಕ್ಕೆ ಕೈಯಿಂದಲೇ ಹಾಕುತ್ತೇನೆ ಎಂದು ವ್ಯವಸ್ಥಾಪಕರನ್ನು ಕೇಳಿದ್ದಾಯಿತು. ಡಿಪೊದ ಪುಟ ಸಂತೆಯಲ್ಲ ಎಂದರು. ಹಾಗಾಗಿ ಉಳಿದದ್ದು ಜಾಲತಾಣದವರ ಒಪ್ಪಿಗೆಯ ದಾರಿಯೊಂದೇ. ಜನರ ಮಾಹಿತಿಯನ್ನು ಏನು ಮಾಡುತ್ತೀರಿ ಎಂದು ಜಾಲತಾಣ ಕೇಳಿತ್ತು. ಅವಳು ಹೇಳಿದಳು, ನಾದಿನಿ ಟೈಪ್ ಮಾಡಿದಳು: 'ಏನೂ ಮಾಡುವುದಿಲ್ಲ. ವಸ್ತು ಕೊಟ್ಟಮೇಲೆ ನಿಮ್ಮ ಹೆಸರು ಅಳಿಸುತ್ತೇವೆ. ನೀವು ಏನು ಮರೆತಿರಿ ಎಂದು ಯಾರಿಗೂ ಹೇಳುವುದಿಲ್ಲ.' ನಾದಿನಿ ಅದನ್ನು ಕಾನೂನಿನ ಭಾಷೆಗೆ ತಿರುಗಿಸಿ ಇನ್ನಷ್ಟು ಉದ್ದ ಮಾಡಿದಳು. ಕೊನೆಯದು ವಿಡಿಯೊ. ಒಬ್ಬ ಬಳಕೆದಾರ ಆ್ಯಪ್ ತೆರೆದು, ಲಾಗಿನ್ ಆಗಿ ಒಳಗೆ ಬಂದು, ಫೋಟೊ ಹಾಕುವವರೆಗಿನ ಎಲ್ಲವೂ ಅದರಲ್ಲಿ ಕಾಣಬೇಕು.

ವಿಡಿಯೊವನ್ನು ಕೋಣೆಯಲ್ಲೇ ತೆಗೆದರು. ಅವಳು ಕಟ್ಟೆಯ ಮೇಲೆ ಫೋನಿಟ್ಟು ಆ್ಯಪ್ ನಡೆಸಿದಳು, ಮೆಕ್ಯಾನಿಕ್ ಮೇಲಿನಿಂದ ಚಿತ್ರ ಹಿಡಿದ. ಕೆಲವು ದಿನ ಕಳೆದು ಉತ್ತರ ಬಂತು: ತಿರಸ್ಕೃತ. ಬಳಕೆದಾರ ಹೇಗೆ ಒಳಗೆ ಬರುತ್ತಾನೆ ಎಂಬುದು ಕಾಣುತ್ತಿಲ್ಲ.

"ಬೆಳಕು ಸಾಲಲಿಲ್ಲ" ಎಂದು ತೀರ್ಮಾನಿಸಿದ ಮೆಕ್ಯಾನಿಕ್, ಎಂಜಿನ್ ನೋಡುವ ದೀಪವನ್ನು ತಂದು ನೇತುಹಾಕಿದ. ಮತ್ತೆ ತೆಗೆದರು, ಮತ್ತೆ ಕಳಿಸಿದರು. ಮತ್ತೆ ಅದೇ ಉತ್ತರ, ಅಕ್ಷರವೂ ಬದಲಾಗದೆ.

"ಕಣ್ಣಿಲ್ಲವಾ ಇವರಿಗೆ?" ಎಂದಳು ಕೊಕ್ಕೆಯಕ್ಕ. "ಇನ್ನು ಸೂರ್ಯನ್ನೇ ತಂದು ನೇತುಹಾಕಬೇಕಾ?"

ಆ ಹೊತ್ತಿಗೆ ಅವಳ ಕಿಡ್ನಿಗಳು ಕೈಕೊಟ್ಟಿದ್ದವು. ಕೆಲವು ಬೆಳಗುಗಳನ್ನು ಆಸ್ಪತ್ರೆಯ ಒರಗುಕುರ್ಚಿಯಲ್ಲಿ, ರಕ್ತ ತೊಳೆಯುವ ಯಂತ್ರದ ಪಕ್ಕ ಕಳೆಯಬೇಕಾಗಿತ್ತು. ಒಂದು ಕೈ ಯಂತ್ರಕ್ಕೆ, ಇನ್ನೊಂದು ಕೈ ಫೋನಿಗೆ. ಅಲ್ಲಿಂದಲೇ ಕಂಡಕ್ಟರುಗಳನ್ನು ಗದರಿಸುತ್ತಿದ್ದಳು. ಹಾಗೊಂದು ಬೆಳಗ್ಗೆ, ಪಕ್ಕದ ಸ್ಟೂಲಿನಲ್ಲಿದ್ದ ನಾದಿನಿ ಮೊದಲ ಬಾರಿಗೆ ಆ ಎರಡೂ ವಿಡಿಯೊಗಳನ್ನು ಪೂರ್ತಿ ನೋಡಿದಳು. ಅಲ್ಲಿಯವರೆಗೆ ನೋಡಿರಲಿಲ್ಲ. ಅತ್ತಿಗೆ ಮಾಡಿದ್ದನ್ನು ಮತ್ತೆ ತಿರುವಿ ನೋಡಿದರೆ, ನನ್ನ ಮೇಲೆ ಅನುಮಾನವಾ ಎಂದು ಜಗಳಕ್ಕೆ ಬರುತ್ತಾಳೆಂದು ಹಾಗೇ ಕಳಿಸಿಬಿಟ್ಟಿದ್ದಳು.

"ಅತ್ತಿಗೆ, ಇದೇನಿದು ಕೈ?"

"ಯಾವ ಕೈ?"

"ನಿನ್ನ ಕೈ. ಆ್ಯಪ್ ತೆಗೀತೀಯ. ಒಳಗೆ ಬರೋ ಜಾಗ ಬಂದ ಕೂಡಲೆ ಅಂಗೈ ಅಡ್ಡ ಇಟ್ಟಿದೀಯ. ಪೂರ್ತಿ ಮುಚ್ಚಿದೀಯ. ಎರಡೂ ಸಲ."

ಕೊಕ್ಕೆಯಕ್ಕ ನೋಡಿದಳು. ಎಂಜಿನ್ ದೀಪದ ಝಗಮಗ ಬೆಳಕಿನಲ್ಲಿ ಅವಳ ಅಂಗೈಯ ಗೆರೆಗಳೆಲ್ಲ ಸ್ಪಷ್ಟವಾಗಿ ಕಾಣುತ್ತಿದ್ದವು. ಕಾಣಬೇಕಾದದ್ದು ಮಾತ್ರ ಅದರಡಿ ಇತ್ತು.

"ಮತ್ತೆ? ಹೆಸರು, ಪಾಸ್‌ವರ್ಡು ಎಲ್ಲಾ ಅಲ್ಲೇ ಅಲ್ವಾ ಇರೋದು? ಕಂಡವರಿಗೆಲ್ಲ ಗುರುತು ತೋರಿಸೋಕಾಗುತ್ತಾ?"

ನಾದಿನಿ ನಕ್ಕಳು. ಎಷ್ಟು ನಕ್ಕಳೆಂದರೆ ನರ್ಸ್ ಬಂದು ಯಂತ್ರ ನೋಡಿಹೋದಳು.

"ನಗಬೇಡ" ಎಂದಳು ಅತ್ತಿಗೆ. "ನಾನು ಕೈ ತೆಗೆಯಲ್ಲ. ಬೇಕಿದ್ರೆ ಆ ಜಾಲತಾಣದವನೇ ಕಿಟಕಿಗೆ ಬಂದು ಕೇಳಲಿ."

"ಅತ್ತಿಗೆ, ಈ ಸಲ ಕಿಟಕಿ ಅವರದು. ಆಚೆ ಕಡೆ ನಿಂತಿರೋದು ನಾವು. ಇದು ನಮ್ಮದೇ, ಕೊಡಿ ಅಂತ ಕೇಳ್ತಿರೋರು ನಾವು. ಗುರುತು ಹೇಳಬೇಕಾದವರು ಯಾರು, ನೀನೇ ಹೇಳು."

ಕೊಕ್ಕೆಯಕ್ಕನಿಗೆ ಆ ಮಾತಿಗೆ ಕೊಕ್ಕೆ ಸಿಗಲಿಲ್ಲ. ಬಹುಶಃ ಜೀವನದಲ್ಲಿ ಅದೊಂದೇ ಸಲ. ಯಂತ್ರದೊಳಗೆ ತಿರುಗುತ್ತಿದ್ದ ತನ್ನದೇ ರಕ್ತವನ್ನು ಸ್ವಲ್ಪ ಹೊತ್ತು ನೋಡಿ, "ಒಂದು ಸುಳ್ಳು ಪಾಸ್‌ವರ್ಡ್ ಮಾಡಿಕೊಡು. ಅದನ್ನು ತೋರಿಸ್ತೀನಿ" ಎಂದಳು.

ಪರೀಕ್ಷೆಗೆಂದೇ ಒಂದು ಹೊಸ ಖಾತೆ ತಯಾರಾಯಿತು. ಅವಳು ಎರಡೂ ಕೈಗಳನ್ನು ಎಲ್ಲರಿಗೂ ಕಾಣುವ ಹಾಗೆ ಫೋನಿನ ಆಚೀಚೆ ಇಟ್ಟು, ಒಂದೇ ಬೆರಳಿನಿಂದ ಒತ್ತಿ ತೋರಿಸಿದಳು. ಆ ವಿಡಿಯೊ ನೋಡಿದವರಿಗೆ ಗೊತ್ತು, ಎಡಗೈ ಎರಡು ಸಲ ಮುಚ್ಚಲು ಬಂದು, ತಡೆದು ಹಿಂದೆ ಹೋಗುತ್ತದೆ.

ಒಪ್ಪಿಗೆ ಬಂದಾಗ ಅವಳು ಕಿಟಕಿಯಲ್ಲಿದ್ದಳು. ನಾದಿನಿ ಫೋನ್ ಮಾಡಿ ಕಿರುಚಿದಳು. "ಸ್ವಲ್ಪ ಇರು, ಒಂದು ಡಬ್ಬಿ ವಿಚಾರಿಸ್ತಾ ಇದ್ದೀನಿ" ಎಂದು ಅವಳು ಎದುರಿಗಿದ್ದವನ ಕಡೆ ತಿರುಗಿದಳು. "ಹಾಂ, ಮುಚ್ಚಳದ ಮೇಲೆ ಏನಿತ್ತು ಅಂದ್ರಿ?"

ಮುಚ್ಚಿಹೋಗಿದ್ದ ಹಳೆಯ ಫೋಟೊಗಳನ್ನೆಲ್ಲ ಹೊಸದಾಗಿ ಹಾಕಬೇಕಾಯಿತು. ಮೊದಲು ಹಾಕಿದ್ದು ಕಾಲನ್ನು.

ವ್ಯವಸ್ಥಾಪಕರು ಹೇಳಿದ ತಿಂಗಳ ಕೊನೆ ಬಂದಾಗ, ಜ್ಯೂಸ್ ಅಂಗಡಿಯವನನ್ನು ಕರೆದುಕೊಂಡು ಅಳತೆಪಟ್ಟಿ ಹಿಡಿದು ಅವರು ಕೋಣೆಗೆ ಬಂದರು. ಕಿಟಕಿಯ ಮುಂದೆ ಸಾಲು ನಿಂತಿತ್ತು. ಹಲ್ಲುಸೆಟ್ಟಿನ ಯಜಮಾನರು ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಕೊಕ್ಕೆಯಕ್ಕ ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿ ಕೂತಿದ್ದಳು, ಎದ್ದು ನಿಲ್ಲುವ ಶಕ್ತಿ ಅವತ್ತು ಇರಲಿಲ್ಲ.

"ಯಾರನ್ನು ಕೇಳಿ ಪುಟದಲ್ಲಿ ಹಾಕಿದ್ರಿ?"

"ನಿಮ್ಮ ಹಿಂದಿನವರನ್ನು, ಸಾರ್. ಸಾಲಿಗೆ ಅಡ್ಡ ನಿಂತಿದ್ದೀರ, ಸ್ವಲ್ಪ ಸರೀರಿ."

ಅವರು ಸರಿದ ಜಾಗಕ್ಕೆ ಒಬ್ಬ ಅಜ್ಜಿ ಬಂದಳು. ಅವಳ ಪಕ್ಕ ಊರುಗೋಲು ಹಿಡಿದ ಪುಟ್ಟ ಹುಡುಗಿ. ಅವತ್ತು ಬಸ್ಸಿನಿಂದ ಬಸ್ಸಿಗೆ ಬದಲಿಸಿ ಹೋಗಿದ್ದರು; ಯಾವುದರಲ್ಲಿ ಬಿಟ್ಟೆವೆಂದು ತಿಳಿಯದೆ, ಬೇರೆ ಡಿಪೊಗಳಲ್ಲಿ ಕೇಳಿ ಕೇಳಿ ಕೈಚೆಲ್ಲಿದ್ದರು. ಅಜ್ಜಿ ಹೇಳಲು ಹೊರಟಾಗ ಕೊಕ್ಕೆಯಕ್ಕ ತಡೆದಳು.

"ಕಾಲು ಯಾರದು? ಅವರೇ ಹೇಳಲಿ. ಬಟ್ಟೆ ಸುತ್ತಿರೋ ಕಡೆ ಏನಿದೆ?"

"ಕಪ್ಪೆ" ಎಂದಳು ಹುಡುಗಿ. "ಕಪ್ಪೆ ಸ್ಟಿಕ್ಕರು. ಒಂದು ಕಣ್ಣಿಲ್ಲ. ನಾನೇ ಬಸ್ಸಲ್ಲಿ ಕೂತು ಕೆರೆದೆ. ಅಜ್ಜಿಗೆ ಹೇಳಬೇಡಿ."

ಬಟ್ಟೆ ಬಿಚ್ಚಿದರೆ ಒಕ್ಕಣ್ಣಿನ ಕಪ್ಪೆ. ಅಲ್ಲೇ ಬೆಂಚಿನ ಮೇಲೆ ಕೂರಿಸಿ ಕಾಲು ಹಾಕಿದರು. ಸ್ವಲ್ಪ ಬಿಗಿಯಾಯಿತು, ಆದರೂ ಕೂತಿತು. ಹುಡುಗಿ ಎದ್ದು, ಬಸ್ಸುಗಳ ನಡುವಿನ ಅಂಗಳದಲ್ಲಿ ಗೋಡೆಯವರೆಗೂ ಹೋಗಿ ತಿರುಗಿ ಬಂದಳು. ಹೊರಡಬೇಕಿದ್ದ ಬಸ್ಸಿನ ಡ್ರೈವರ್ ಹಾರ್ನ್ ಮಾಡದೆ ಕಾದ. ಜ್ಯೂಸ್ ಅಂಗಡಿಯವನ ಕೈಯಿಂದ ಅಳತೆಪಟ್ಟಿ ಸರಕ್ಕನೆ ಡಬ್ಬಿಯೊಳಗೆ ಹೋಯಿತು. "ನನಗೆ ಬೇರೆ ಜಾಗ ತೋರಿಸಿ ಸಾರ್" ಎಂದ ಅವನು.

ಕೋಣೆ ಉಳಿಯಿತು. ಅವಳು ಉಳಿಯಲಿಲ್ಲ.

ಸಂತಾಪ ಸಭೆ ಮುಗಿದ ಮೇಲೆ, ಅವಳ ಸಾಮಾನುಗಳನ್ನು ಮನೆಯವರಿಗೆ ತಾವೇ ಮುಟ್ಟಿಸಬೇಕೆಂದು ವ್ಯವಸ್ಥಾಪಕರಿಗೆ ಅನಿಸಿತು. ಕಿಟಕಿಗೆ ಹೋದರು. ಹೊಸಬರು ಬರುವವರೆಗೆ ಅಲ್ಲಿ ಮೆಕ್ಯಾನಿಕ್ ಕೂರುತ್ತಿದ್ದ.

"ಅವರ ಬ್ಯಾಗು ಕೊಡಪ್ಪ."

"ಗುರುತು ಹೇಳಿ ಸಾರ್."

"ತಮಾಷೆ ಮಾಡ್ತೀಯಾ?"

"ಯಾವ ಬಣ್ಣ ಸಾರ್?"

ದಿನವೂ ಆ ಬ್ಯಾಗು ವ್ಯವಸ್ಥಾಪಕರ ಆಫೀಸಿನ ಕಿಟಕಿಯ ಮುಂದೆಯೇ ಹಾದುಹೋಗುತ್ತಿತ್ತು. ಅವರಿಗೆ ನೆನಪಾಗಲಿಲ್ಲ. ಹಿಂದೆ ನಿಂತಿದ್ದ ನಾದಿನಿ ಅವರನ್ನು ದಾಟಿ ಮುಂದೆ ಬಂದು, ಕಟ್ಟೆಗೆ ಎರಡೂ ಕೈ ಊರಿದಳು.

"ಕಂದು ಬಣ್ಣ. ಜಿಪ್ಪು ಹಾಳಾಗಿದೆ, ಪಿನ್ನು ಹಾಕಿದಾಳೆ. ಒಳಗೆ ನನ್ನ ಕನ್ನಡಕ ಇರುತ್ತೆ. ಕಳೆದುಹೋಯ್ತು ಅಂದಾಗೆಲ್ಲ, ನಾನು ನೋಡೇ ಇಲ್ಲ ಅಂತಿದ್ಲು."

ಮೆಕ್ಯಾನಿಕ್ ಪಿನ್ನು ಬಿಚ್ಚಿ ನೋಡಿದ. ಕನ್ನಡಕ ಇತ್ತು. ಬ್ಯಾಗನ್ನು ಕಿಟಕಿಯಿಂದ ಆಚೆ ದಾಟಿಸಿದ.